ಸೌಮ್ಯಧೂಮ ಮೀಮಾಂಸೆ

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥ ಯಾವುದೇ ಆಗಲಿ, ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ, ವಿಷಯ: ಕೈಯಲ್ಲಿ ಸುತ್ತಿದ, ಸೌಮ್ಯವೂ ಕೆನೆಯಂತೆ ನುಣುಪೂ ಆದ ಹೊಗೆ ಕೊಡುತ್ತದೆಂದು ಖ್ಯಾತವಾದ ದುಬಾರಿ ಸಿಗಾರು. ಪ್ರಯೋಜನ: ಅದನ್ನು ಸೇದಿದ ಮೇಲೆ ಏನು ಹೇಳಬೇಕೆಂದು ತಿಳಿಯುವುದು. ಅಧಿಕಾರಿ: ಬೇರೊಬ್ಬರ ಖರ್ಚಿನಲ್ಲಿ ಸಿಗಾರು ಕೈಗೆ ಬಂದವನು. ಸಂಬಂಧ: ಹೊಗೆಗೂ ಮಾತಿಗೂ ಇರುವಂಥದ್ದು. ಅದು ನಿತ್ಯವೋ ಅನಿತ್ಯವೋ ಎಂಬುದೇ ಈ ಪ್ರಬಂಧದ ಜಿಜ್ಞಾಸೆ.

ಓದುಗರ ಸಮಯ ಉಳಿಸಲು ಸಿದ್ಧಾಂತವನ್ನು ಇಲ್ಲೇ ಸೂತ್ರರೂಪದಲ್ಲಿ ಕೊಡುತ್ತೇವೆ: ಹೊಗೆ ತೆಳುವಾದಷ್ಟೂ ವರ್ಣನೆ ದಪ್ಪ. ಖಾರದ ಸಿಗಾರು ತಾನೇ ಮಾತಾಡುತ್ತದೆ. ಸೇದಿದವನು ಕೆಮ್ಮಿದರೆ ವಿಮರ್ಶೆ ಮುಗಿಯಿತು. ಸೌಮ್ಯ ಸಿಗಾರು ತುಟಿ ಬಿಚ್ಚುವುದಿಲ್ಲವಾದ್ದರಿಂದ ಎಲ್ಲವನ್ನೂ ನಾವೇ ಹೇಳಬೇಕಾಗುತ್ತದೆ.

ಪೂರ್ವಸೂರಿಗಳು

ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತೇ? ಇತ್ತು. ಸಂದೇಹವಿದ್ದವರು ಚರಕಸಂಹಿತೆಯ ಸೂತ್ರಸ್ಥಾನದ 5ನೇ ಅಧ್ಯಾಯ ತೆರೆಯಬಹುದು. ಗಿಡಮೂಲಿಕೆಗಳನ್ನು ಅರೆದು, ಜೊಂಡಿನ ಕಡ್ಡಿಗೆ ಮೆತ್ತಿ, ಒಣಗಿದ ಮೇಲೆ ಕಡ್ಡಿ ಎಳೆದು, ಜಿಡ್ಡು ಸವರಿ, ಕೊಳವೆಗೆ ಸಿಕ್ಕಿಸಿ ಹೊತ್ತಿಸುವ ಧೂಮವರ್ತಿಯ ಅಳತೆ ಅಲ್ಲಿದೆ. ಉದ್ದ 8 ಅಂಗುಲ, ದಪ್ಪ ಹೆಬ್ಬೆರಳಿನಷ್ಟು, ಆಕಾರ ಜವೆಗೋಧಿಯ ಕಾಳಿನದು. ಎರಡೂ ತುದಿ ಸಣ್ಣಗಾಗಿ ನಡು ಉಬ್ಬಿದ ಇದೇ ಆಕಾರವನ್ನು ಹವಾನಾದವರು ಪರ್ಫೆಕ್ಟೊ ಎಂದು ಕರೆದು ಮಾರಿಕೊಂಡರು. ನಾವು ದಾವೆ ಹೂಡಬಹುದಿತ್ತು. ಒಂದು ಸಣ್ಣ ತೊಡಕಿದೆ. ಚರಕನ ಬತ್ತಿಯಲ್ಲಿ ಏನೆಲ್ಲ ಇದ್ದರೂ ಹೊಗೆಸೊಪ್ಪು ಮಾತ್ರ ಇಲ್ಲ. ಆ ಗಿಡ ಆಗಿನ್ನೂ ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿತ್ತು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ಮಾನಸೋಲ್ಲಾಸದಲ್ಲಿ ಅರಸನಾದವನು ಅನುಭವಿಸತಕ್ಕ 20 ಉಪಭೋಗಗಳ ವಿವರವಿದೆ. ಸ್ನಾನ, ತಾಂಬೂಲ, ಕೊನೆಗೆ ಕಾಲಿಗೆ ಹಾಕುವ ಪಾದುಕೆಗೂ ಅಲ್ಲಿ ಭೋಗದ ಪದವಿ ಸಿಕ್ಕಿದೆ. ಮೇಲಿನ ತೊಡಕಿನ ಕಾರಣದಿಂದಲೇ ಸಿಗಾರಿಗೆ ಸಿಕ್ಕಿಲ್ಲ.

ಕೊಲಂಬಸನ ಕಡೆಯ ರೊಡ್ರಿಗೊ ದೆ ಹೆರೆಸ್ ಮತ್ತು ಲೂಯಿಸ್ ದೆ ತೊರ್ರೆಸ್ ಎಂಬಿಬ್ಬರು 1492ರಲ್ಲಿ ಕ್ಯೂಬಾದ ಒಳನಾಡಿನಲ್ಲಿ ತೈನೊ ಜನ ಎಲೆಯ ಸುರುಳಿ ಹೊತ್ತಿಸಿ ಸೇದುವುದನ್ನು ಕಂಡರು. ಮುಂದೆ ಆ ಎಲೆ ಪೋರ್ಚುಗೀಸರ ಹಡಗು ಹತ್ತಿ ಈ ಕಡೆಗೆ ಬಂತು. 17ನೇ ಶತಮಾನದ ಆರಂಭದಲ್ಲಿ ಅಕ್ಬರನ ರಾಯಭಾರಿ ಅಸದ್ ಬೇಗ್ ಅದನ್ನು ಮೊದಲ ಸಲ ನೋಡಿದ್ದು ಬಿಜಾಪುರದಲ್ಲಿ. ಒಂದಿಷ್ಟು ಹೊಗೆಸೊಪ್ಪನ್ನೂ ರತ್ನ ಕೆತ್ತಿದ ಕೊಳವೆಯನ್ನೂ ಒಯ್ದು ಬಾದಶಹನ ಮುಂದಿಟ್ಟ. ಹೀಗೆ ಮೊಗಲರಿಗೆ ಹೊಗೆ ಹಾಕಿದ ಕೀರ್ತಿ ಕನ್ನಡ ನೆಲಕ್ಕೆ ಸಲ್ಲುತ್ತದೆ. ಅಕ್ಬರನ ಮಗ ಜಹಾಂಗೀರ 1617ರಲ್ಲಿ ತಂಬಾಕನ್ನು ನಿಷೇಧಿಸಿದ. ನಿಷೇಧ ಎಷ್ಟರಮಟ್ಟಿಗೆ ಫಲಿಸಿತು ಎಂಬುದಕ್ಕೆ ಹುಣಸೂರು, ಪಿರಿಯಾಪಟ್ಟಣ, ನಿಪ್ಪಾಣಿಯ ಹೊಲಗಳು ಸಾಕ್ಷಿ.

ಲಕ್ಷಣ ಪ್ರಕರಣ

ಸಿಗಾರಿಗೆ ಮೂರು ಕೋಶಗಳು: ಹೊಟ್ಟೆಯೊಳಗಿನ ಎಲೆ, ಅದನ್ನು ಬಿಗಿದಿಡುವ ಕಟ್ಟಿನೆಲೆ, ಮೇಲೆ ಹೊದೆಯುವ ಹೊದಿಕೆಯೆಲೆ. ಹೊಟ್ಟೆಯ ಎಲೆಯಲ್ಲಿ ಮತ್ತೆ ಮೂರು ಗುಣ. ಗಿಡದ ತುದಿಯ ಲಿಗೇರೊ ಬಿಸಿಲುಂಡು ದಪ್ಪಗಾಗಿ ಖಾರ ತುಂಬಿಕೊಂಡ ರಜೋಗುಣಿ. ನಡುವಿನ ಸೆಕೊ ಪರಿಮಳದ ಸತ್ತ್ವಗುಣಿ. ಬುಡದ ವೊಲಾಡೊಗೆ ಹೇಳಿಕೊಳ್ಳುವಂಥ ರುಚಿಯಿಲ್ಲ, ಚೆನ್ನಾಗಿ ಉರಿಯುವುದೊಂದೇ ಅದರ ಕೆಲಸ, ಆದ್ದರಿಂದ ತಮೋಗುಣಿ. ಲಿಗೇರೊ ಕಡಿಮೆ ಮಾಡುತ್ತ ಹೋದಂತೆ ಸಿಗಾರು ಸೌಮ್ಯವಾಗುತ್ತ ಹೋಗುತ್ತದೆ. ಅಂದರೆ ಸೌಮ್ಯತೆ ಸೇರಿಸಿ ಬಂದದ್ದಲ್ಲ, ತೆಗೆದು ಬಂದದ್ದು. ತೆಗೆದದ್ದಕ್ಕೂ ಬೆಲೆ ಏಕೆ ಎಂಬುದು ಅರ್ಥಶಾಸ್ತ್ರಕ್ಕೆ ಬಿಟ್ಟ ಮಾತು.

ಪ್ರಮಾಣದ ಮಾತಿಗೆ ಬಂದರೆ, ರೊಬುಸ್ಟೊ ಎಂಬ ಜನಪ್ರಿಯ ಜಾತಿಯ ಉದ್ದ 5 ಇಂಚು, ದಪ್ಪ 50. ಈ 50 ಎಂದರೆ ಇಂಚಿನ 64 ಪಾಲಿನಲ್ಲಿ 50 ಪಾಲು, ಸುಮಾರು 20 ಮಿಲಿಮೀಟರ್. ಚರಕನ ಹೆಬ್ಬೆರಳಿಗೆ ಇದು ಹತ್ತಿರವಾಗಿರುವುದನ್ನು ಅಭಿಮಾನಿಗಳು ಗುರುತಿಸಿಕೊಳ್ಳಬಹುದು.

ನುಣುಪಿನ ಮೂಲ ಹೊದಿಕೆಯೆಲೆಯಲ್ಲಿದೆ ಎಂದು ಬಲ್ಲವರ ಮತ. ಸುಮಾತ್ರಾದಿಂದ ಬರುತ್ತಿದ್ದ ತೆಳು ಎಲೆಗೆ ಪೈಪೋಟಿ ಕೊಡಲು ಅಮೆರಿಕದ ಕನೆಕ್ಟಿಕಟ್ ಕಣಿವೆಯವರು 1900ರಲ್ಲಿ ವಿಂಡ್ಸರ್ ಎಂಬಲ್ಲಿ ಹೊಲದ ಮೇಲೆ ತೆಳು ಬಟ್ಟೆಯ ಚಪ್ಪರ ಕಟ್ಟಿ ತಂಬಾಕು ಬೆಳೆದು ನೋಡಿದರು. ಬಿಸಿಲು ಸೋಸಿ ಬಿದ್ದದ್ದರಿಂದ ಎಲೆ ತೆಳುವಾಯಿತು, ನರ ಸಣ್ಣದಾಯಿತು, ಬಣ್ಣ ಹೊಂಬಣ್ಣಕ್ಕೆ ತಿರುಗಿತು. ಎಕ್ವಡಾರ್‌ನಲ್ಲಿ ಇದೇ ತಳಿಗೆ ಬಟ್ಟೆಯ ಖರ್ಚೂ ಇಲ್ಲ, ಮೋಡವೇ ಚಪ್ಪರ. ನೆರಳು ಎಲೆಗೆ ಮಾತ್ರ ಎಂಬುದನ್ನು ಗಮನಿಸತಕ್ಕದ್ದು. ಚಪ್ಪರದಡಿಯ ಸೆಕೆಯಲ್ಲಿ ಎಲೆ ಬಿಡಿಸುವವರಿಗೆ ಅದರಲ್ಲಿ ಪಾಲಿಲ್ಲ. 1944ರ ಬೇಸಗೆಯಲ್ಲಿ ಕನೆಕ್ಟಿಕಟ್‌ನ ತಂಬಾಕಿನ ಹೊಲಕ್ಕೆ ದುಡಿಯಲು ಬಂದ ವಿದ್ಯಾರ್ಥಿಗಳಲ್ಲಿ 15ರ ಹರೆಯದ ಮಾರ್ಟಿನ್ ಲೂಥರ್ ಕಿಂಗ್ ಕೂಡ ಇದ್ದರು. ಸಿಗಾರಿನ ರುಚಿಪಟ್ಟಿಗಳಲ್ಲಿ ಬಾದಾಮಿ ಸಿಗುತ್ತದೆ, ಬೆಣ್ಣೆ ಸಿಗುತ್ತದೆ. ಬೆವರಿನ ಉಪ್ಪು ಎಲ್ಲೂ ನಮೂದಾಗಿಲ್ಲ.

ಇನ್ನು ಕೈಯಲ್ಲಿ ಸುತ್ತುವ ವಿಚಾರ. ಹವಾನಾದ ಎಲ್ ಫಿಗಾರೊ ಕಾರ್ಖಾನೆಯಲ್ಲಿ 1865ರಲ್ಲಿ ಒಂದು ಪದ್ಧತಿ ಶುರುವಾಯಿತು. ಸಾಲಾಗಿ ಕೂತವರು ಎಲೆ ಸುತ್ತುತ್ತಿದ್ದರೆ ವಾಚಕನೊಬ್ಬ ಅವರಿಗೆ ಪತ್ರಿಕೆಯನ್ನೋ ಪುಸ್ತಕವನ್ನೋ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಅವನ ಸಂಬಳ ಕೊಡುತ್ತಿದ್ದವರು ಮಾಲೀಕರಲ್ಲ, ಸುತ್ತುವವರೇ. ಬೇರೆ ಕಾರ್ಖಾನೆಗಳೂ ಇದನ್ನು ಹಿಡಿದವು. 1935ರಲ್ಲಿ ಹುಟ್ಟಿದ ಮೊಂಟೆಕ್ರಿಸ್ಟೊ ಸಿಗಾರು, ಸುತ್ತುವವರು ಹೀಗೆ ಕೇಳಿ ಮೆಚ್ಚಿದ ಡ್ಯೂಮಾನ ಕಾದಂಬರಿಯಿಂದ ಹೆಸರು ಪಡೆಯಿತು. ಗಮಕಿಯ ಮುಂದೆ ಕೂತು ಭಾರತ ಕೇಳಿದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಗಾರಿನೊಳಗೆ ಹುಟ್ಟಿನಿಂದಲೇ ಎಲೆಯ ಜತೆಗೆ ಸಾಹಿತ್ಯವೂ ಸುತ್ತಿಕೊಂಡಿದೆ ಎಂಬ ನಮ್ಮ ವಾದಕ್ಕೆ ಇದಕ್ಕಿಂತ ಪುಷ್ಟಿ ಬೇಡ.

ತರ್ಕ ಪ್ರಕರಣ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಬೆಂಕಿ ಕಂಡಲ್ಲೆಲ್ಲ ಹೊಗೆ ಇದೆ ಎನ್ನಲಾಗದು ಎಂಬುದು ಎರಡನೆಯದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಬರಲು ಹಸಿ ಸೌದೆಯ ಸಂಯೋಗವೆಂಬ ಉಪಾಧಿ ಬೇಕು. ನೈಯಾಯಿಕರು ಇಷ್ಟು ಹೇಳಿ ನಿಲ್ಲಿಸಿದರು. ಎಷ್ಟು ಹಸಿ ಎಂದು ಹೇಳಲಿಲ್ಲ. ಆ ಕೊರತೆಯನ್ನು ಸಿಗಾರು ಲೋಕ ತುಂಬಿದೆ: ಗಾಳಿಯ ತೇವ ಶೇಕಡಾ 70, ಉಷ್ಣತೆ 21 ಡಿಗ್ರಿ ಸೆಲ್ಸಿಯಸ್. ಇದನ್ನು ಕಾಯುವ ಪೆಟ್ಟಿಗೆಯೇ ಹ್ಯುಮಿಡಾರ್. ಮಳೆಗಾಲದ ಮಂಗಳೂರಿನಲ್ಲಿ ಉಪಾಧಿ ವಿಪರೀತವಾಗಿ ಲಭ್ಯವಿರುವುದರಿಂದ ಅಲ್ಲಿ ಪೆಟ್ಟಿಗೆಯ ಕೆಲಸ ತೇವ ಕೊಡುವುದಲ್ಲ, ತೇವವನ್ನು ಹೊರಗಿಡುವುದು. ತಪ್ಪಿದರೆ ಸಿಗಾರಿಗೆ ಬೂಷ್ಟು.

ಪೆಟ್ಟಿಗೆಯ ಒಳಗೋಡೆಗೆ ಸ್ಪ್ಯಾನಿಷ್ ಸೀಡರ್ ಹೊದಿಸುವುದು ಸಂಪ್ರದಾಯ. ಇದು ಅಮೆರಿಕ ಖಂಡದ ಮರ, ಸಸ್ಯಶಾಸ್ತ್ರದ ಪ್ರಕಾರ ನಮ್ಮ ಬೇವಿನ ಕುಟುಂಬದ್ದು. ಸೀಡರಿನ ಸುಳಿಗಂಧ ಬಂತೆಂದು ಕಣ್ಣರಳಿಸುವವರು ಬೇವಿನ ದಾಯಾದಿಯನ್ನು ಹೊಗಳುತ್ತಿರುತ್ತಾರೆ.

ಬಿಸಿ ಏರಿದರೆ ಲಾಸಿಯೋಡರ್ಮಾ ಸೆರಿಕಾರ್ನೆ ಎಂಬ ಕೀಟದ ಮೊಟ್ಟೆಯೊಡೆದು ಮರಿಹುಳು ಎಲೆಯನ್ನು ಕೊರೆಯುತ್ತದೆ. ಈ ಹುಳು ಸೌಮ್ಯ, ಖಾರ ಎಂಬ ಭೇದ ಎಣಿಸುವುದಿಲ್ಲ, ಬೆಲೆ ಕೇಳುವುದಿಲ್ಲ, ಒಂದಕ್ಷರವೂ ಬರೆಯದೆ ತಿನ್ನುತ್ತ ಹೋಗುತ್ತದೆ. ಅಪ್ಪಟ ಸಹೃದಯ ಅದೊಂದೇ ಎಂದು ಪ್ರಸ್ತುತ ಸಂಶೋಧಕನ ಖಾಸಗಿ ಅಭಿಪ್ರಾಯ.

ರಸ ಪ್ರಕರಣ

ಆಲಂಬನ ವಿಭಾವ ಸಿಗಾರು. ಉದ್ದೀಪನ ವಿಭಾವ ಚರ್ಮದ ಸೋಫಾ, ಮಂದ ದೀಪ, ಸಿಗಾರಿನ ತಲೆ ಕತ್ತರಿಸುವ ಪುಟ್ಟ ಗಿಲೋಟಿನ್. ಅನುಭಾವ ಅರೆಗಣ್ಣು, ಎತ್ತಿದ ಹುಬ್ಬು. ಸಾತ್ತ್ವಿಕ ಭಾವಗಳು 8 ಎಂದು ಭರತ ಎಣಿಸಿದ್ದಾನೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ಕಂಪ, ವೈವರ್ಣ್ಯ, ಅಶ್ರು, ಪ್ರಲಯ. ನಟನಾದವನಿಗೆ ಇವು ಸಿದ್ಧಿಸಲು ವರ್ಷಗಟ್ಟಲೆ ಅಭ್ಯಾಸ ಬೇಕು. ಸಿಗರೇಟಿನ ರೂಢಿಯಲ್ಲಿ ಸಿಗಾರಿನ ಹೊಗೆಯನ್ನು ಎದೆತುಂಬ ಎಳೆದುಕೊಂಡ ಹೊಸಬನಿಗೆ ಸ್ವಲ್ಪ ಹೊತ್ತು ಸಾಕು. ಮೊದಲು ಮರಗಟ್ಟಿ ಕೂರುತ್ತಾನೆ. ಹಣೆ ಬೆವರುತ್ತದೆ. ಮೈ ನವಿರೇಳುತ್ತದೆ. ಚೆನ್ನಾಗಿದೆ ಎನ್ನಲು ಹೋಗಿ ದನಿ ಒಡೆಯುತ್ತದೆ. ಕೈ ನಡುಗುತ್ತದೆ, ಮುಖ ಬಿಳಿಚುತ್ತದೆ, ಕಣ್ಣಲ್ಲಿ ನೀರು. ಕೊನೆಗೆ ಸೋಫಾದ ಮೇಲೆ ಪ್ರಲಯ. ವೈದ್ಯರು ಇದನ್ನು ನಿಕೋಟಿನ್ ವಿಷಬಾಧೆ ಎನ್ನುತ್ತಾರೆ. ಅವರಿಗೆ ಅಲಂಕಾರಶಾಸ್ತ್ರದ ಪರಿಚಯ ಸಾಲದು.

ಆದಕಾರಣ ಹೊಗೆಯನ್ನು ಬಾಯಲ್ಲೇ ಆಡಿಸಿ ಬಿಡಬೇಕೆಂದು ವಿಧಿ. ಇನ್ನೂ ಮುಂದುವರಿದ ರಸಿಕರು, ಒಂದಿಷ್ಟನ್ನು ಮೂಗಿನಿಂದ ಹೊರಬಿಟ್ಟರೇ ಕೆನೆ ತಿಳಿಯುವುದು ಎನ್ನುತ್ತಾರೆ. ಚರಕ ಇದಕ್ಕೆ ನೇರ ವಿರೋಧಿ. ಹೊಗೆಯನ್ನು ಮೂಗಿನಿಂದ ಎಳೆದರೂ ಬಾಯಿಂದಲೇ ಬಿಡಬೇಕು, ಮೂಗಿನಿಂದ ಬಿಟ್ಟರೆ ಕಣ್ಣಿಗೆ ಕೇಡು ಎಂದು ಆತನ ಕಟ್ಟಪ್ಪಣೆ. ಎರಡು ಮತಗಳಿಗೂ ಸಮನ್ವಯ ಸಾಧ್ಯ: ಮೂಗಿನಿಂದಲೇ ಬಿಡುವುದು, ಕಣ್ಣು ಮುಚ್ಚಿಕೊಂಡು ಬಿಡುವುದು. ರಸಿಕರು ಕಣ್ಣು ಮುಚ್ಚುವುದಕ್ಕೆ ಶಾಸ್ತ್ರಾಧಾರ ಇದೇ.

ಹಾಗಾದರೆ ರಸ ಯಾವುದು? ಭರತನ ಎಂಟು ರಸಗಳಲ್ಲಿ ಸೌಮ್ಯ ಸಿಗಾರಿಗೆ ಜಾಗವಿಲ್ಲ. ಒಂಬತ್ತನೆಯದಾಗಿ ಶಾಂತವನ್ನು ಒಪ್ಪಬೇಕೇ ಎಂಬ ಬಗ್ಗೆ ಆಲಂಕಾರಿಕರು ಬಹುಕಾಲ ಕಾದಾಡಿದರು. ಏನೂ ನಡೆಯದಿರುವುದು ರಸ ಹೇಗಾದೀತು ಎಂದು ವಿರೋಧಿಗಳು ಕೇಳಿದರು. ಏನೂ ರುಚಿಸದಿರುವುದು ರುಚಿ ಹೇಗಾದೀತು ಎಂಬ ನಮ್ಮ ಪ್ರಶ್ನೆಯೂ ಅದೇ ಗೋತ್ರದ್ದು. ಅಭಿನವಗುಪ್ತ ಶಾಂತದ ಪರ ವಾದಿಸಿ ಗೆದ್ದ. ಆ ಗೆಲುವಿನ ಫಲವನ್ನು ಸಾವಿರ ವರ್ಷದ ಮೇಲೆ ಸೌಮ್ಯ ಸಿಗಾರು ಉಣ್ಣುತ್ತಿದೆ. ಶಾಂತಕ್ಕೆ ನಿರ್ವೇದವೇ ಸ್ಥಾಯಿಭಾವವೆಂದು ಕೆಲವರು ಹೇಳುವುದುಂಟು. ಅದು ಸಾಮಾನ್ಯವಾಗಿ ಬಿಲ್ಲು ಬಂದಾಗ ಉದ್ಬುದ್ಧವಾಗುತ್ತದೆ.

ಕೆನೆ, ಬಾದಾಮಿ, ಹುರಿದ ಕಾಫಿಬೀಜ, ಒಣಹುಲ್ಲು ಇವಾವುದನ್ನೂ ಸಿಗಾರಿನೊಳಗೆ ಯಾರೂ ಹಾಕಿರುವುದಿಲ್ಲ. ವಾಚ್ಯಾರ್ಥದಲ್ಲಿ ಇರುವುದು ಸುಟ್ಟ ಎಲೆ. ಮಿಕ್ಕದ್ದು ಧ್ವನಿ. ಮಮ್ಮಟ ಕಾವ್ಯಕ್ಕೆ ಉತ್ತಮ, ಮಧ್ಯಮ, ಅಧಮ ಎಂಬ ಮೂರೇ ದರ್ಜೆ ಮಾಡಿ ಕೈತೊಳೆದುಕೊಂಡ. ಅಮೆರಿಕದಲ್ಲಿ 1992ರಲ್ಲಿ ಆರಂಭವಾದ ಸಿಗಾರ್ ಅಫಿಶಿಯನಾಡೊ ಪತ್ರಿಕೆ ಸಿಗಾರಿಗೆ 100ಕ್ಕೆ ಇಷ್ಟೆಂದು ಅಂಕ ಹಾಕುತ್ತದೆ. ಧ್ವನಿಸಿದ್ಧಾಂತ ಕಾಶ್ಮೀರದಲ್ಲಿ ಹುಟ್ಟಿ ಇಷ್ಟು ದೂರ ಬಂದು ಪರೀಕ್ಷೆ ಬರೆದದ್ದು ಸಂತೋಷದ ಸಂಗತಿ.

ಭಸ್ಮ ಪ್ರಕರಣ

ಬೂದಿ ಗಟ್ಟಿಯಾಗಿ, ಉದ್ದವಾಗಿ ನಿಂತರೆ ಸುತ್ತಿದ ಕೈ ಪಳಗಿದ್ದು ಎಂದು ತಿಳಿಯತಕ್ಕದ್ದು. ಈ ಕ್ಷೇತ್ರದ ಆಚಾರ್ಯ ಷರ್ಲಾಕ್ ಹೋಮ್ಸ್. 140 ಬಗೆಯ ತಂಬಾಕಿನ ಬೂದಿಯ ಮೇಲೆ ಆತ ಪ್ರಬಂಧ ಬರೆದಿದ್ದಾನೆ. 1887ರ ಮೊದಲ ಕಾದಂಬರಿಯಲ್ಲೇ ಬೂದಿ ನೋಡಿ, ಕೊಲೆಗಾರ ಸೇದಿದ್ದು ತಿರುಚಿರಾಪಳ್ಳಿಯ ಸಿಗಾರು ಎಂದು ಗುರುತಿಸುತ್ತಾನೆ. ಅವನ ಪ್ರಬಂಧ ಯಾವ ಗ್ರಂಥಾಲಯದಲ್ಲೂ ಸಿಗುವುದಿಲ್ಲ. ಲೇಖಕನೇ ಕಲ್ಪಿತ ವ್ಯಕ್ತಿಯಾದ್ದರಿಂದ ಇದು ಕ್ಷಮ್ಯ. ಲೇಖಕರು ನಿಜವಾಗಿದ್ದೂ ಪ್ರತಿ ಸಿಗದ ಮಹಾಪ್ರಬಂಧಗಳು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬೇಕಾದಷ್ಟಿವೆ.

ಪೂರ್ವಪಕ್ಷ

ಪೂರ್ವಪಕ್ಷಿ ಹೇಳುತ್ತಾನೆ: ಹೊಗೆಯನ್ನು ಎದೆಗೆ ಎಳೆಯದಿದ್ದರೂ ಸಿಗಾರು ಬಾಯಿ, ಗಂಟಲು, ಅನ್ನನಾಳಕ್ಕೆ ಕ್ಯಾನ್ಸರ್ ತರುತ್ತದೆ. ಸೌಮ್ಯ ಎಂಬ ವಿಶೇಷಣ ರುಚಿಗೆ ಅನ್ವಯಿಸುತ್ತದೆ, ವಿಷಕ್ಕಲ್ಲ. ದೃಷ್ಟಾಂತ ಸಿಗ್ಮಂಡ್ ಫ್ರಾಯ್ಡ್. ದಿನಕ್ಕೆ 20ರಷ್ಟು ಸಿಗಾರು ಸೇದುತ್ತಿದ್ದ ಅವರ ಬಾಯಲ್ಲಿ 1923ರಲ್ಲಿ ಕ್ಯಾನ್ಸರ್ ಪತ್ತೆಯಾಯಿತು. 1939ರಲ್ಲಿ ತೀರಿಕೊಳ್ಳುವ ತನಕ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಪರರ ಮನಸ್ಸಿನಾಳದಲ್ಲಿ ಇದ್ದುದನ್ನೆಲ್ಲ ಬಿಡಿಸಿದ ಮಹಾನುಭಾವರಿಗೆ ತಮ್ಮ ತುಟಿಯ ತುದಿಯಲ್ಲಿದ್ದುದನ್ನು ಬಿಡಿಸಿಕೊಳ್ಳಲಾಗಲಿಲ್ಲ.

ಇಲ್ಲಿ ಸಿದ್ಧಾಂತಿ ಎದ್ದು ಪೂರ್ವಪಕ್ಷವನ್ನು ಖಂಡಿಸುವುದು ಪದ್ಧತಿ. ಸಿದ್ಧಾಂತಿ ಎದ್ದಿಲ್ಲ.

ಸರ್ಕಾರವೂ ಪೂರ್ವಪಕ್ಷದ ಕಡೆಗೇ ಇದೆ. 2016ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ತಂಬಾಕಿನ ಪೊಟ್ಟಣದ ಮುಖದ ಶೇಕಡಾ 85 ಭಾಗ ಎಚ್ಚರಿಕೆಗೆ ಮೀಸಲು. ಮೂಲ 15, ಟೀಕೆ 85. ನಮ್ಮ ವ್ಯಾಖ್ಯಾನ ಪರಂಪರೆಗೆ ಒಪ್ಪುವ ಪ್ರಮಾಣವೇ ಸರಿ. ಆದರೆ ಈ ಟೀಕಾಕಾರನ ಬರವಣಿಗೆಯಲ್ಲಿ ಕೆನೆಯಿಲ್ಲ, ಬಾದಾಮಿಯಿಲ್ಲ, ಧ್ವನಿಯ ಸುಳಿವಿಲ್ಲ. ಇರುವುದು ಬರೀ ವಾಚ್ಯಾರ್ಥ, ಅದೂ ಚಿತ್ರಸಮೇತ. ಸಿಗಾರಿನ ಬಗ್ಗೆ ಬಂದ ಸಾಹಿತ್ಯದಲ್ಲಿ ಇಂಥ ನೇರ ಶೈಲಿ ಬೇರೆಲ್ಲೂ ಇಲ್ಲದ್ದರಿಂದ ರಸಿಕರು ಇದನ್ನು ವಿಮರ್ಶೆಯೆಂದು ಒಪ್ಪುವುದಿಲ್ಲ.

ಫಲಶ್ರುತಿ

ಕೆನೆ ವರ್ಣನೆಯಲ್ಲಿದೆ, ಬೂದಿ ಸಿಗಾರಿನಲ್ಲಿದೆ ಎಂದು ಸಿದ್ಧವಾಯಿತು. ಆದುದರಿಂದ ವರ್ಣನೆಯನ್ನು ಓದಿದವನಿಗೆ ಕೆನೆ ದಕ್ಕುತ್ತದೆ, ಸೇದಿದವನಿಗೆ ಉಳಿದದ್ದು. ಈ ಪ್ರಬಂಧವನ್ನು ಊಟವಾದ ಮೇಲೆ ಒಮ್ಮೆ ಪಠಿಸಿದವನಿಗೆ ಒಂದು ರೊಬುಸ್ಟೊ ಸೇದಿದ ಫಲ. ಧೂಮಪಾನಕ್ಕೆ ಯೋಗ್ಯವೆಂದು ಚರಕ ಹೇಳಿದ ದಿನದ 8 ಹೊತ್ತುಗಳಲ್ಲೂ ಪಠಿಸಿದವನಿಗೆ ಇಡೀ ಪೆಟ್ಟಿಗೆ ಸೇದಿದ ಫಲ. ಅವನ ಗಂಟಲು ಕಟ್ಟುವುದಿಲ್ಲ, ಪರದೆಗೆ ವಾಸನೆ ಹತ್ತುವುದಿಲ್ಲ, ಮನೆಯವರು ಅವನನ್ನು ಜಗಲಿಗೆ ಅಟ್ಟುವುದಿಲ್ಲ. ಓದಲು ಪುರುಸೊತ್ತಿಲ್ಲದವರು ಬೇರೆಯವರಿಂದ ಓದಿಸಿ ಕೇಳಿದರೂ ಫಲದಲ್ಲಿ ಕೊರತೆಯಿಲ್ಲ. ಹವಾನಾದ ಸಂಪ್ರದಾಯದಂತೆ ಓದುವವನ ಸಂಬಳವನ್ನು ಕೇಳುವವರೇ ಕೊಡತಕ್ಕದ್ದು.