ಆಯ್ತಾಮಣಿದರ್ಪಣಂ

ಕನ್ನಡದ ‘ಆಗು’ ಧಾತು ಅಕರ್ಮಕ. ಅದರ ಭೂತಕಾಲದ ‘ಆಯಿತು’ ರೂಪಕ್ಕೆ ‘ಆ’ ಎಂಬ ಪ್ರಶ್ನಾರ್ಥಕ ಸೇರಿ, ನಡುವಿನ ಇಕಾರ ಆಡುವವರ ಬಾಯಲ್ಲೇ ಕರಗಿ, ‘ಆಯ್ತಾ’ ಎಂಬ ರೂಪ ಸಿದ್ಧಿಸುತ್ತದೆ. ಹದಿನೈದರಿಂದ ನಲವತ್ತು ವಯಸ್ಸಿನ ಕನ್ನಡಿಗರ ಬದುಕು ನಡೆಯುವುದು ಈ ಒಂದು ಪದದ ಮೇಲೆ. ಪರೀಕ್ಷೆ ಆಯ್ತಾ, ಸೀಟು ಆಯ್ತಾ, ಕೆಲಸ ಆಯ್ತಾ, ಮದುವೆ ಆಯ್ತಾ, ಮಕ್ಕಳಾಯ್ತಾ, ಮನೆ ಆಯ್ತಾ. 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ರಚಿಸಿದ ಕೇಶಿರಾಜ ಸಂಧಿಯಿಂದ ಅವ್ಯಯದವರೆಗೆ ಎಂಟು ಪ್ರಕರಣಗಳಲ್ಲಿ ಕನ್ನಡವನ್ನು ಕಟ್ಟಿಹಾಕಿದರೂ ಈ ಪದಕ್ಕೆ ಪ್ರತ್ಯೇಕ ಪ್ರಕರಣ ಬರೆಯಲಿಲ್ಲ. ಒಂಬತ್ತನೆಯ ಪ್ರಕರಣದ ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಗ್ರಂಥದ ಉದ್ದೇಶ.

ಪದದ ಮೂಲಾರ್ಥ ಕುಶಲಪ್ರಶ್ನೆ. ‘ಊಟ ಆಯ್ತಾ?’ ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳುವವರ ಕೈಯಲ್ಲಿ ಊಟ ಇರುವುದಿಲ್ಲ. ‘ಮದುವೆ ಆಯ್ತಾ?’ ಎಂದು ಕೇಳುವವರ ಬಳಿ ಹೆಣ್ಣೋ ಗಂಡೋ ಇರಬೇಕೆಂಬ ನಿಯಮವೂ ಇಲ್ಲ. ಎರಡೂ ಒಂದೇ ಜಾತಿಯ ಮಾತು. ಭೇದ ಇರುವುದು ‘ಇಲ್ಲ’ ಎಂದ ಮೇಲಿನ ಪರಿಣಾಮದಲ್ಲಿ. ಊಟವಾಗದವರಿಗೆ ‘ಬನ್ನಿ, ಮನೆಗೆ ಹೋಗೋಣ’ ಎಂಬ ಆಹ್ವಾನ, ಮದುವೆಯಾಗದವರಿಗೆ ‘ಅಯ್ಯೋ’.

ಧಾತುವಿನ ಆಯ್ಕೆಯಲ್ಲೇ ಶಾಸ್ತ್ರದ ತಿರುಳಿದೆ. ಹುಡುಗನಿಗೆ ಮದುವೆ ‘ಆಗುತ್ತದೆ’, ಅವನ ಅಪ್ಪ ಮದುವೆ ‘ಮಾಡುತ್ತಾರೆ’, ಸಂಬಂಧ ತಂದ ದೂರದ ದೊಡ್ಡಪ್ಪ ಮದುವೆ ‘ಮಾಡಿಸುತ್ತಾರೆ’. ಆಗು ಅಕರ್ಮಕ, ಮಾಡು ಸಕರ್ಮಕ, ಮಾಡಿಸು ಪ್ರೇರಣಾರ್ಥಕ: ಒಂದು ಘಟನೆ, ಮೂರು ಕ್ರಿಯಾಪದ, ಅದರಲ್ಲಿ ಹಾರ ಹಾಕಿಸಿಕೊಂಡವನ ಪಾಲಿಗೆ ಬಂದದ್ದು ಮಳೆಯಾಗುವಂತೆ, ಬೆಳಗಾಗುವಂತೆ ತಾನಾಗಿ ಆಗುವ ಕ್ರಿಯೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಯುವಕರಿಗೆ ಹೇಳಿದ ಬುದ್ಧಿವಾದವೆಂದು ತಿಳಿಯುವವರಿದ್ದಾರೆ. ಕ್ರಿಯಾಪದವನ್ನು ಗಮನಿಸಿದರೆ ಅದು ವರನಿಗೂ ವಧುವಿಗೂ ಸಂಬಂಧಿಸಿದ್ದಲ್ಲ. ಖರ್ಚು ಮಾಡಿದವರು ಖರ್ಚು ಮಾಡಲಿರುವವರಿಗೆ ಹೇಳಿದ್ದು. ‘ನಾನು ಮದುವೆಯಾದೆ’ ಎಂಬ ಉತ್ತಮಪುರುಷದ ವಾಕ್ಯವೂ ವ್ಯಾಕರಣಕ್ಕೆ ಸಲ್ಲುತ್ತದೆ. ಆದರೆ ಮನೆಗಳಲ್ಲಿ ಅದು ಕೇಳಿಬರುವುದು ಅಪರೂಪ. ಬಂದಾಗ ಸಾಮಾನ್ಯವಾಗಿ ಫೋನಿನಲ್ಲಿ, ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲಿನಿಂದ ಬರುತ್ತದೆ.

ಸಂಧಿಗಳು ಮೂರು: ಲೋಪ, ಆಗಮ, ಆದೇಶ. ಹಿಂದಿನ ಮೈಲಿಗಲ್ಲು ಮುಂದಿನದನ್ನು ಮುಟ್ಟಿದಾಗ ಹಿಂದಿನದು ಕಾಣೆಯಾಗುವುದು ಲೋಪ. ಎಂಜಿನಿಯರಿಂಗ್ ಮುಗಿಸಿ, ಕೆಲಸ ಹಿಡಿದು, ತಂಗಿಯ ಫೀಸು ಕಟ್ಟಿದವನ ಮುಂದೆ ‘ಇನ್ನೂ ಮದುವೆ ಇಲ್ಲ’ ಎಂಬ ಪದ ಬಂದೊಡನೆ ಡಿಗ್ರಿ, ಕೆಲಸ, ಫೀಸು ಮೂರೂ ಲೋಪವಾಗುತ್ತವೆ. ಕೇಳುವವರಿಗೂ ಕೇಳಿಸಿಕೊಳ್ಳುವವರಿಗೂ ನಡುವೆ ಸಂಬಂಧವಿಲ್ಲದ ಮೂರನೆಯವರು ಬಂದು ಸೇರಿಕೊಳ್ಳುವುದು ಆಗಮ. ಇವರು ಯಕಾರ, ವಕಾರಗಳಂತೆ ಎಲ್ಲಿಂದ ಬಂದರೆಂದು ಯಾರಿಗೂ ತಿಳಿಯದು. ಆದೇಶವೆಂದರೆ ಹೆಸರಿನ ಜಾಗಕ್ಕೆ ಇನ್ನೊಂದು ಬರುವುದು: ಒಬ್ಬ ವ್ಯಕ್ತಿ ಮೊದಲು ಮೇಷ್ಟ್ರ ಮಗ, ಆಮೇಲೆ ಬ್ಯಾಂಕಿನವಳ ಗಂಡ, ಆಮೇಲೆ ಯುಕೆಜಿಯ ಪುಟ್ಟಿಯ ಅಪ್ಪ. ಸ್ವಂತ ಹೆಸರು ಆಧಾರ್ ಕಾರ್ಡಿನಲ್ಲಿ ಉಳಿದಿರುತ್ತದೆ.

ಈಗ ಪ್ರಯೋಗಗಳನ್ನು ಕ್ರಮವಾಗಿ ನೋಡಬಹುದು. ಮೊದಲ ಪ್ರಯೋಗ ಹತ್ತನೆಯ ತರಗತಿಯಲ್ಲಿ, ‘ಎಷ್ಟು ಬಂತು?’ ಎಂಬ ಪೂರ್ವರೂಪದಲ್ಲಿ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625; ಮೊದಲ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರು. ಅಂಕಪಟ್ಟಿಯ ಈ ಮೋಹವನ್ನು ಕೈಲಾಸಂ ‘ಟೊಳ್ಳುಗಟ್ಟಿ’ ನಾಟಕದಲ್ಲಿ ಬಹಳ ಹಿಂದೆಯೇ ಗೇಲಿ ಮಾಡಿದರು. ನಾಟಕವನ್ನು ಪಠ್ಯವಾಗಿ ಓದಿದ ಮಕ್ಕಳಿಗೆ ಅದರ ಮೇಲೂ ಅಂಕ ಕೊಡಲಾಯಿತು ಎಂಬುದು ಬೇರೆ ಮಾತು. 1994ರಲ್ಲಿ ಸಿಇಟಿ ಬಂದ ಮೇಲೆ ‘ಸೀಟು ಆಯ್ತಾ?’ ಎಂಬ ಹೊಸ ಪ್ರಯೋಗ ಹುಟ್ಟಿತು, ಜೊತೆಗೆ ಒಂದು ಗೊಂದಲವೂ. ಅಂಕ ಹೆಚ್ಚಿದ್ದಷ್ಟು ಒಳ್ಳೆಯದು, ರ‍್ಯಾಂಕ್ ಕಡಿಮೆಯಿದ್ದಷ್ಟು ಒಳ್ಳೆಯದು. ಹಾಗಾಗಿ ‘ನಲವತ್ತು ಸಾವಿರ ಬಂತು’ ಎಂದು ಮೊಮ್ಮಗ ತಲೆ ತಗ್ಗಿಸಿದಾಗ, ಸಂಬಳವೆಂದು ತಿಳಿದ ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದ್ದುಂಟು.

‘ಕೆಲಸ ಆಯ್ತಾ?’ ಎಂಬುದಕ್ಕೆ ಹೌದು ಎಂದರೆ ಸಾಲದು. ‘ಸರ್ಕಾರಿಯಾ?’, ಅಲ್ಲವಾದರೆ ‘ಪರ್ಮನೆಂಟಾ?’, ಹೌದಾದರೆ ‘ಕೈಗೆಷ್ಟು?’ ಎಂದು ಉಪಪ್ರಶ್ನೆಗಳು ಹಿಂಬಾಲಿಸುತ್ತವೆ. ಮನೆಯಿಂದಲೇ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರದು ವಿಚಿತ್ರ ಅವಸ್ಥೆ: ತಿಂಗಳ ಕೊನೆಗೆ ಸಂಬಳ ಬರುತ್ತಿದ್ದರೂ ಎದುರುಮನೆಯ ದಾಖಲೆಯಲ್ಲಿ ಅವರು ‘ಮನೇಲೇ ಇದ್ದಾನೆ, ಪಾಪ’. ವಿದೇಶದಲ್ಲಿರುವವರಿಗೆ ಇದೇ ಸ್ಥಾನದಲ್ಲಿ ‘ಗ್ರೀನ್ ಕಾರ್ಡ್ ಆಯ್ತಾ?’ ಎಂಬ ರೂಪ ಬರುತ್ತದೆ. ಅಮೆರಿಕದ ಕಾನೂನು ಯಾವ ಒಂದು ದೇಶದವರಿಗೂ ವರ್ಷಕ್ಕೆ ಶೇ 7ಕ್ಕಿಂತ ಹೆಚ್ಚು ಕೊಡದಂತೆ ಮಿತಿ ಹಾಕಿದೆ; ದಾವಣಗೆರೆಯ ಚಿಕ್ಕಮ್ಮನ ಪ್ರಶ್ನೆಗೆ ಅಂಥ ಮಿತಿ ಇಲ್ಲ.

ಶಾಸ್ತ್ರದ ಹೃದಯಭಾಗ ಮದುವೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಹೆಣ್ಣಿಗೆ 18, ಗಂಡಿಗೆ 21 ಎಂದು ಕೆಳಮಿತಿಯನ್ನಷ್ಟೇ ಹೇಳಿ ಸುಮ್ಮನಾಯಿತು. ಮೇಲ್ಮಿತಿಯ ಉಸ್ತುವಾರಿ ಬಂಧುಗಳದು. ಪ್ರದೇಶಾನುಸಾರ ರೂಪಭೇದಗಳಿವೆ. ಧಾರವಾಡದ ಕಡೆ ‘ಲಗ್ನ ಯಾವಾಗಪಾ ತಮ್ಮಾ?’, ಮಂಡ್ಯದಲ್ಲಿ ‘ಯಾವಾಗ್ಲಾ ಮಗ ಊಟ ಹಾಕ್ಸೋದು?’, ಕರಾವಳಿಯಲ್ಲಿ ‘ಮದುವೆ ಉಂಟಾ ಇಲ್ವಾ ಮಾರಾಯ?’. ಪ್ರಶ್ನೆ ಕೇಳಲು ಪ್ರಶಸ್ತ ಸ್ಥಳ ಬೇರೆಯವರ ಮದುವೆಯ ಪಂಕ್ತಿ. ಬಾಳೆಎಲೆಯ ಮುಂದೆ ಕೂತವನು ಪಂಕ್ತಿ ಏಳುವವರೆಗೆ ಏಳುವಂತಿಲ್ಲ. ಕೈ ಎಂಜಲಾದ್ದರಿಂದ ಫೋನು ತೆಗೆಯುವಂತೆಯೂ ಇಲ್ಲ. ಕೋಸಂಬರಿಯ ಹೊತ್ತಿಗೆ ಊರಿನ ಸುದ್ದಿ, ಸಾರಿನ ಹೊತ್ತಿಗೆ ಯಾರ ಮಗಳು ಎಲ್ಲಿ ಎಂಬ ವಿವರ, ಹೋಳಿಗೆ ಬಾಯಿಗಿಟ್ಟು ತುಪ್ಪ ಬೆರಳಿನಿಂದ ಮಣಿಕಟ್ಟಿಗೆ ಇಳಿಯುವ ಕ್ಷಣಕ್ಕೆ ಸೋದರತ್ತೆ ಎಲೆಯ ಕಡೆ ಬಾಗಿ ‘ನಿಂದು ಯಾವಾಗಪ್ಪ?’ ಎನ್ನುತ್ತಾರೆ. ಬಾಯಿ ತುಂಬಿರುವುದರಿಂದ ತಲೆಯಾಡಿಸಬೇಕು. ಅಡ್ಡ ಆಡಿಸಿದರೆ ಒಂದರ್ಥ, ಉದ್ದ ಆಡಿಸಿದರೆ ಇನ್ನೊಂದು, ಎರಡರಲ್ಲೂ ಕ್ಷೇಮವಿಲ್ಲ. ಅಷ್ಟರಲ್ಲಿ ಬಡಿಸುವವನು ಬಂದು ‘ಅನ್ನ ಹಾಕ್ಲಾ ಸ್ವಾಮಿ?’ ಎಂದು ಕೇಳುತ್ತಾನೆ. ಇಡೀ ಛತ್ರದಲ್ಲಿ ಉತ್ತರ ಬೇಕೆಂದು ಕೇಳಿದ ಪ್ರಶ್ನೆ ಅದೊಂದೇ.

ತಡವಾದದ್ದಕ್ಕೆ ಕಾರಣ ಸಾಮಾನ್ಯವಾಗಿ ಗುರುಬಲ. ಇದನ್ನು ಲೆಕ್ಕ ಹಾಕಿ ನೋಡಿದವರು ಕಡಿಮೆ. ಗುರುಗ್ರಹ ಹನ್ನೆರಡು ರಾಶಿಗಳನ್ನು ಸುತ್ತಲು ಸುಮಾರು ಹನ್ನೆರಡು ವರ್ಷ, ಅಂದರೆ ರಾಶಿಗೊಂದು ವರ್ಷ, ತೆಗೆದುಕೊಳ್ಳುತ್ತದೆ. ಜನ್ಮರಾಶಿಯಿಂದ 2, 5, 7, 9, 11ನೆಯ ಮನೆಗಳಲ್ಲಿ ಅದು ಇರುವಾಗ ಗುರುಬಲ. ಹಾಗಾದರೆ ಬಲವಿಲ್ಲದ ಅತಿ ದೀರ್ಘ ಅವಧಿಗಳು 3 ಮತ್ತು 4, ಹಾಗೂ 12 ಮತ್ತು 1. ವಕ್ರಗತಿಯ ಹೆಚ್ಚುಕಡಿಮೆ ಬಿಟ್ಟರೆ ಯಾರಿಗೂ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಒಂದೇ ಸಮನೆ ಗುರುಬಲ ತಪ್ಪುವುದಿಲ್ಲ. ಯಾವ ಹೊತ್ತಿನಲ್ಲಿ ನೋಡಿದರೂ ಹನ್ನೆರಡರಲ್ಲಿ ಯಾವುದಾದರೂ ಐದು ರಾಶಿಯವರಿಗೆ ಅದು ಇದ್ದೇ ಇರುತ್ತದೆ. ಎಂಟು ವರ್ಷದಿಂದ ಗುರುಬಲ ಬಂದಿಲ್ಲ ಎನ್ನುವ ಮನೆಗಳಲ್ಲಿ ಅಡ್ಡ ನಿಂತಿರುವುದು ಆಕಾಶದ ಗುರುವಲ್ಲ. ಜಾತಕದ ಕೂಟಗಳದು ಇನ್ನೊಂದು ಪರೀಕ್ಷೆ: ಎಂಟು ಕೂಟಗಳಿಗೆ ಒಂದರಿಂದ ಎಂಟರವರೆಗೆ ಅಂಕ, ಒಟ್ಟು 36, ಪಾಸಾಗಲು 18. ಎಸ್ಸೆಸ್ಸೆಲ್ಸಿಯಲ್ಲಿ ಬಹುಕಾಲ ನೂರಕ್ಕೆ 35 ಸಾಕಾಗಿತ್ತು. ಇಲ್ಲಿ ಐವತ್ತು ಬೇಕು, ಪೂರಕ ಪರೀಕ್ಷೆ ಇಲ್ಲ, ಶಾಂತಿ ಮಾತ್ರ ಉಂಟು. ಜೋಯಿಸರ ಮಾತಿನ ಹಿಂದೆ ಯಾರಿರುತ್ತಾರೆ ಎಂಬುದಕ್ಕೆ ಮಾಸ್ತಿಯವರ ‘ರಂಗನ ಮದುವೆ’ ಕತೆಯೇ ಪ್ರಮಾಣ. ಬೆಂಗಳೂರಿನಲ್ಲಿ ಓದಿ ಬಂದು ಈಗಲೇ ಮದುವೆ ಬೇಡ ಎಂದ ಹುಡುಗನನ್ನು ಊರಿನ ಹಿತೈಷಿಯೊಬ್ಬರು ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ಒಪ್ಪಿಸುತ್ತಾರೆ. ಪ್ರೇರಣಾರ್ಥಕ ‘ಇಸು’ ಪ್ರತ್ಯಯಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆಗು ಧಾತುವಿಗೆ ನಿಷೇಧರೂಪವೂ ಇದೆ, ಅದು ನಗುವ ಸಂಗತಿಯಲ್ಲ. 2023ರಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಜಮೀನು, ನೀರು, ಹಸು ಎಲ್ಲ ಇದ್ದವರು. ಇಲ್ಲದ್ದು ನಗರದ ವಿಳಾಸ. ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲೂ ಇದೇ ಪಾಡು. ಹೆಣ್ಣು ಹೆತ್ತವರು ತಮ್ಮ ಮಗಳು ಕೊಟ್ಟಿಗೆಯ ಸಗಣಿ ಬಾಚುವುದು ಬೇಡವೆಂದರೆ ಅದಕ್ಕೂ ಕಾರಣವಿದೆ. ಆ ಕೆಲಸ ಮಾಡಿದವರು ಹೇಳಿದ ಮಾತು ಅದು.

ಇಲ್ಲಿ ಲಿಂಗ ಮತ್ತು ವಿಭಕ್ತಿ ಪ್ರಸಕ್ತ. ಕನ್ನಡದ ಬಹುವಚನದಲ್ಲಿ ಲಿಂಗಭೇದ ಅಳಿದು ಅವನೂ ಅವಳೂ ‘ಅವರು’ ಆಗುತ್ತಾರೆ. ಪ್ರಶ್ನೆಯಲ್ಲಿ ಹಾಗಾಗುವುದಿಲ್ಲ. ‘ಮಗ ಎಲ್ಲಿದ್ದಾನೆ?’ ಎಂಬಲ್ಲಿ ಮಗ ಪ್ರಥಮಾ ವಿಭಕ್ತಿ, ಕರ್ತೃ. ‘ಮಗಳನ್ನು ಎಲ್ಲಿಗೆ ಕೊಟ್ಟಿರಿ?’ ಎಂಬಲ್ಲಿ ಮಗಳು ದ್ವಿತೀಯಾ, ಕರ್ಮ. ಆಮೇಲೆ ಅವಳನ್ನು ‘ತಂದುಕೊಳ್ಳುತ್ತಾರೆ’, ಆಷಾಢಕ್ಕೆ ‘ಕಳಿಸುತ್ತಾರೆ’, ಶ್ರಾವಣಕ್ಕೆ ‘ಕರೆಸಿಕೊಳ್ಳುತ್ತಾರೆ’. ಅವಳು ಪೀಣ್ಯದ ಕಾರ್ಖಾನೆಯಲ್ಲಿ ಐವತ್ತು ಜನರ ಪಾಳಿ ನಡೆಸುತ್ತಿದ್ದರೂ ವಾಕ್ಯದಲ್ಲಿ ಪ್ರಥಮಾ ವಿಭಕ್ತಿ ಸಿಗುವುದು ಕಷ್ಟ. ಹುಡುಗನಿಗೆ ಕೆಲಸದ ಪ್ರಶ್ನೆ ಮೊದಲು, ಮದುವೆಯದು ಆಮೇಲೆ. ಅವಳಿಗೆ ಕ್ರಮ ತಿರುವುಮುರುವು. ಈ ಸೂತ್ರಕ್ಕೆ ತಿದ್ದುಪಡಿ ತರಬೇಕಾದ ಕಾಲ ಎಂದೋ ಬಂದಿದೆ.

ಕೆಲವು ಸಂಪ್ರದಾಯಗಳಲ್ಲಿ ವರನಿಗೆ ಆಕ್ಷೇಪಣೆಗೆ ಅವಕಾಶವಿದೆ. ಅದರ ಹೆಸರು ಕಾಶಿಯಾತ್ರೆ. ಕೊಡೆ, ಕೋಲು ಹಿಡಿದು ತಾನು ಸಂಸಾರ ಒಲ್ಲೆನೆಂದು ಹೊರಟ ವರ ಛತ್ರದ ಗೇಟಿನವರೆಗೆ ಹೋಗುತ್ತಾನೆ. ಅಲ್ಲಿ ಮಾವ ತಡೆದು, ಮಗಳನ್ನು ಕೊಡುವೆನೆಂದು ಹೇಳಿ ಹಿಂದಕ್ಕೆ ಕರೆತರುತ್ತಾರೆ. ವಿಡಿಯೋದವನು ಸರಿಯಾಗಿ ಬರಲಿಲ್ಲವೆಂದರೆ ಇನ್ನೊಮ್ಮೆ ಹೊರಡಬೇಕು. ಅಷ್ಟರಲ್ಲಿ ಬೀಗರ ತಿಂಡಿ ಮುಗಿದಿರುತ್ತದೆ. ಕಾಶಿಗೆ ತಲುಪಿದ ವರ ಇದುವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ.

ಮುಂದಿನ ಪ್ರಯೋಗಗಳು ಚಿಕ್ಕವು. ‘ಮಕ್ಕಳಾಯ್ತಾ?’ ಎಂಬುದನ್ನು ಶಿಷ್ಟರು ‘ಏನಾದ್ರೂ ವಿಶೇಷ?’ ಎಂದು ಮುಚ್ಚಿ ಕೇಳುತ್ತಾರೆ. 1954ರ ವಿಶೇಷ ವಿವಾಹ ಕಾಯ್ದೆಯ ‘ವಿಶೇಷ’ಕ್ಕೂ ಇದಕ್ಕೂ ಸಂಬಂಧವಿಲ್ಲ, ಆ ಕಾಯ್ದೆಯಲ್ಲಿ ನೋಟಿಸಿಗೆ 30 ದಿನ ಕಾಯುತ್ತಾರೆ, ಈ ಪ್ರಶ್ನೆ ಕೇಳುವವರು ಅಷ್ಟೂ ಕಾಯುವುದಿಲ್ಲ. ಕೇಳಿಸಿಕೊಂಡವರು ಆಸ್ಪತ್ರೆಯ ಸರದಿಯಲ್ಲಿ ಎಷ್ಟು ಬೆಳಗು ಕಳೆದಿದ್ದಾರೆಂಬುದು ಕೇಳಿದವರಿಗೆ ತಿಳಿದಿರುವುದಿಲ್ಲ. ಮನೆಯ ವಿಷಯದಲ್ಲಿ ಬೆಂಗಳೂರಿನವರಿಗೆ ‘ಮೂವತ್ತು ನಲವತ್ತು’ ಎಂಬ ಪದಕ್ಕೆ ಎರಡರ್ಥ: 1200 ಚದರಡಿಯ ಸೈಟು, ಮತ್ತು ಅದನ್ನು ಕೊಂಡು ಮುಗಿಸಬೇಕಾದ ವಯಸ್ಸು. ಇಪ್ಪತ್ತು ವರ್ಷದ ಸಾಲಕ್ಕೆ 240 ಕಂತು. ಗೃಹಪ್ರವೇಶದ ದಿನ ‘ಮನೆ ಆಯ್ತು’ ಎನ್ನುವವರು ಬಂಧುಗಳು; ಬ್ಯಾಂಕು ಹಾಗೆ ಹೇಳಲು ಇನ್ನೂ ಎರಡು ದಶಕವಿರುತ್ತದೆ.

ಉತ್ತರಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಚಾಲ್ತಿಯಲ್ಲಿರುವ ಉತ್ತರ ಒಂದೇ, ‘ನೋಡೋಣ’. ಇದರಲ್ಲಿ ಯಾರು ನೋಡುವವರು, ಏನನ್ನು, ಯಾವಾಗ ಎಂಬ ಮೂರೂ ಅಡಗಿವೆ, ಹೇಳಿದವನಿಗೂ ತಿಳಿದಿಲ್ಲ. ಆದ್ದರಿಂದಲೇ ಅದು ಉತ್ತಮ ಉತ್ತರ. ‘ಒಲ್ಲೆ’ ಎಂಬ ನಿಷೇಧಕ್ಕೆ ಕನ್ನಡದಲ್ಲಿ ಕಾಲಭೇದವಿಲ್ಲ. ಹಾಗೆಂದವರು ಭೂತ, ವರ್ತಮಾನ, ಭವಿಷ್ಯತ್ ಮೂರಕ್ಕೂ ಒಟ್ಟಿಗೆ ಸಮಜಾಯಿಷಿ ಕೊಡಬೇಕಾಗುತ್ತದೆ.

ಕೊನೆಯದು ಪುರುಷಪಲ್ಲಟ. ಪ್ರಶ್ನೆ ಹಿರಿಯರಿಂದ ಕಿರಿಯರಿಗೆ ಮಾತ್ರ ಹರಿಯುತ್ತದೆ, ಹಿಂದಕ್ಕೆ ಹರಿಯುವುದಿಲ್ಲ. ನಲವತ್ತು ದಾಟಿದವರನ್ನು ಯಾರೂ ಏನೂ ಕೇಳದ ಒಂದೆರಡು ವರ್ಷ ಬರುತ್ತವೆ. ಆಮೇಲೆ ಅವರೇ ಕೇಳತೊಡಗುತ್ತಾರೆ, ಇದಕ್ಕೆ ತರಬೇತಿ ಬೇಕಿಲ್ಲ. ಉದಾಹರಣೆಗೆ: ಫಲಿತಾಂಶದ ದಿನ ಸಂಜೆ, ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಪಕ್ಕದ ಮನೆಯ ಹುಡುಗಿಯನ್ನು ಗೃಹಸ್ಥರೊಬ್ಬರು ನಿಲ್ಲಿಸಿ ‘ಎಷ್ಟು ಬಂತು ಪುಟ್ಟಾ?’ ಎಂದರು. ‘571 ಅಂಕಲ್’ ಎಂದಳು. ‘ಓ, ಆರುನೂರು ಬರುತ್ತೆ ಅಂತಿದ್ರಲ್ಲ ನಿಮ್ಮಪ್ಪ’ ಎಂದು ಅವರು ಬಾಗಿಲು ಹಾಕಿಕೊಂಡರು. ಅವರಿಗೆ ಬಂದಿದ್ದದ್ದು 412. ಅದನ್ನು ಅವಳು ಕೇಳಲಿಲ್ಲ.