ಏಳನೇ ನಂಬರ್ ಐರನ್ ಬಾಯಿಬಿಟ್ಟಿತು

(ತಲಘಟ್ಟಪುರದ ಒಂದು ಅಪಾರ್ಟ್‌ಮೆಂಟ್. ಬೇಸ್‌ಮೆಂಟಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಗಾಲ್ಫ್ ಚೀಲ. ಅದರ ಮೂಲೆಯಲ್ಲಿದ್ದ ಏಳನೇ ನಂಬರ್ ಐರನ್ ಮಾತಿಗೆ ಒಪ್ಪಿತು.)

ಪ್ರಶ್ನೆ: ಹೇಗಿದ್ದೀರಿ?

ಏಳು: ಹೊಳೀತಾ ಇದ್ದೀನಿ, ಕಾಣಲ್ವೇ? ದುಡಿಯೋ ಕಬ್ಬಿಣ ಹೀಗೆ ಹೊಳೆಯಬಾರದು.

ಪ್ರಶ್ನೆ: ಯಜಮಾನರು ಆಡೋದೇ ಇಲ್ಲವೇ?

ಏಳು: ಭಾನುವಾರ ಕತ್ತಲಲ್ಲೇ ಎದ್ದು ಕನಕಪುರ ರಸ್ತೆ ಹಿಡೀತಾರೆ. ಕಾರಲ್ಲೇ. 2021ರ ಜನವರಿಯಲ್ಲಿ ಮೆಟ್ರೊ ನಮ್ಮ ಬಾಗಿಲಿಗೇ ಬಂತು. ಗಾಲ್ಫ್ ಚೀಲ ಹೊತ್ತು ಮೆಜೆಸ್ಟಿಕ್‌ನಲ್ಲಿ ರೈಲು ಬದಲಾಯಿಸೋ ಯಜಮಾನರು ಮಾತ್ರ ಇನ್ನೂ ಹುಟ್ಟಿಲ್ಲ. ಗಾಲ್ಫ್ ಮೈದಾನದಲ್ಲಿ ಚೆಂಡು ಗುಳಿಯಿರೋ ಗ್ರೀನ್‌ಗೆ ಒಂದು ಹೆಜ್ಜೆ ಈಚೆ ಬಿದ್ದಿರುತ್ತೆ. ಗಿಡ್ಡ ಹುಲ್ಲು. ಅಡ್ಡಕ್ಕೆ ಮರಳುಗುಂಡಿ ಇಲ್ಲ, ನೀರಿಲ್ಲ. ಆದರೂ ಕೈ ಹೋಗೋದು 60 ಡಿಗ್ರಿಯ ಲಾಬ್ ವೆಡ್ಜ್ ಕಡೆಗೆ. ಫಿಲ್ ಮಿಕೆಲ್ಸನ್ ಚೆಂಡನ್ನು ಮುಗಿಲಿಗೆ ಎತ್ತಿ, ಗುಳಿಯ ಪಕ್ಕ ಮೆತ್ತಗೆ ಇಳಿಸಿದ್ದನ್ನ ಟಿವಿಯಲ್ಲಿ ನೋಡಿಬಿಟ್ಟಿದ್ದಾರೆ.

ಪ್ರಶ್ನೆ: ಇವರದೂ ಇಳಿಯುತ್ತಾ?

ಏಳು: ಒಂದ್ಸಲ ಕಾಲ ಬುಡದಲ್ಲೇ. ಇನ್ನೊಂದ್ಸಲ ವೆಡ್ಜಿನ ಅಂಚು ಚೆಂಡಿನ ಹೊಟ್ಟೆಗೆ ತಾಗಿ, ಗ್ರೀನ್ ದಾಟಿ ಪೊದೆಯೊಳಗೆ. ಎರಡಕ್ಕೂ ಬೈಸಿಕೊಳ್ಳೋನು ಕ್ಯಾಡಿ.

ಪ್ರಶ್ನೆ: ನಿಮ್ಮನ್ನು ಕೇಳಿದ್ದರೆ?

ಏಳು: ಉರುಳಿಸ್ತಿದ್ದೆ! ಗೋಲಿ ಆಡೋ ಹುಡುಗ ಗೋಲೀನ ಆಕಾಶಕ್ಕೆ ಎಸೀತಾನಾ? ಕಾಲು ಹತ್ತಿರ ಹತ್ತಿರ. ಮೈಭಾರ ಎಡಗಾಲ ಮೇಲೆ, ಚೆಂಡು ಬಲಗಾಲ ಕಡೆಗೆ, ಕೈ ಚೆಂಡಿಗಿಂತ ತುಸು ಮುಂದೆ. ಮಣಿಕಟ್ಟು ಸುಮ್ಮನಿರಬೇಕು. ಚೆಂಡನ್ನ ಎತ್ತಿಕೊಡೋಕೆ ಹೋದರೋ, ಕೆಟ್ಟಿತು. ಎತ್ತೋದಕ್ಕೆ ನನ್ನ ಮುಖದ ಓರೆ ಇದೆಯಲ್ಲ! ಗ್ರೀನ್ ಒಳಗೆ ಒಂದು ಹೆಜ್ಜೆ ದಾಟಿಸಿ ಬೀಳಿಸಿ, ಮಿಕ್ಕ ದಾರಿ ಅದೇ ಹೋಗುತ್ತೆ.

ಪ್ರಶ್ನೆ: ಯಾವ ಐರನ್ ಹಿಡೀಬೇಕು ಅನ್ನೋದು?

ಏಳು: 12ರ ಲೆಕ್ಕ ಅಂತ ಒಂದಿದೆ. ಚೆಂಡು ಬೀಳೋ ಜಾಗ 2 ಹೆಜ್ಜೆ, ಅಲ್ಲಿಂದ ಗುಳಿಗೆ 10 ಹೆಜ್ಜೆ ಅನ್ನಿ. ಹಾರಿದ್ದರ ಐದು ಪಟ್ಟು ಉರುಳಬೇಕು. 12ರಲ್ಲಿ 5 ಕಳೀರಿ.

ಪ್ರಶ್ನೆ: ಏಳು!

ಏಳು: ನಾನು ಹೇಳಲಿಲ್ಲ, ನೀವೇ ಹೇಳಿದಿರಿ. ಇದು ಮಟ್ಟಸ ನೆಲದ ಲೆಕ್ಕ. ಇಳಿಜಾರಾದರೆ ಎಂಟೋ ಒಂಬತ್ತೋ ಹಿಡೀಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಹೊಟ್ಟೆಕಿಚ್ಚೆಲ್ಲ ಆ ಲಾಬ್ ವೆಡ್ಜ್ ಮೇಲೆ.

ಪ್ರಶ್ನೆ: ಅಭ್ಯಾಸ?

ಏಳು: ಕ್ಲಬ್‌ಹೌಸ್ ಹಿಂದೆ, ಎಸ್‌ಟಿಪಿ ಪಕ್ಕ, ಪ್ಲಾಸ್ಟಿಕ್ ಹುಲ್ಲಿನ ಒಂದು ಹಾಸು ಇದೆ. ಬ್ರೋಷರಿನಲ್ಲಿ ಅದು 'ಗಾಲ್ಫ್ ಲೈಫ್‌ಸ್ಟೈಲ್'. ಅದರ ಮೇಲೆ ವೆಡ್ಜ್ ಚೆಂಡಿಗಿಂತ ಹಿಂದಕ್ಕೆ ಬಡಿದರೂ ಜಾರಿಕೊಂಡು ಹೋಗಿ ಚೆಂಡಿಗೆ ತಾಗುತ್ತೆ. ತಪ್ಪು ಗೊತ್ತೇ ಆಗಲ್ಲ. ನಿಜವಾದ ಹುಲ್ಲಲ್ಲಿ ಅದೇ ಹೊಡೆತ ಮಣ್ಣು ಅಗೆಯುತ್ತೆ. ಈ ಅಪಾರ್ಟ್‌ಮೆಂಟ್ ನಿಂತಿರೋದು ಯಾರೋ ಉಳುತ್ತಿದ್ದ ಹೊಲದ ಮೇಲೆ ತಾನೆ? ನಿಂತುಹೋದ ಬೇಸಾಯವನ್ನ ನಮ್ಮ ಯಜಮಾನರು ಗಾಲ್ಫ್ ಮೈದಾನದಲ್ಲಿ ಮುಂದುವರಿಸ್ತಿದ್ದಾರೆ.

ಪ್ರಶ್ನೆ: ಅದಿತಿ ಅಶೋಕ್ ಅವರನ್ನು ನೋಡಿಯಾದರೂ ಕಲೀಬಹುದಿತ್ತು.

ಏಳು: ನೋಡಿದರಲ್ಲ! 2021ರ ಆಗಸ್ಟ್ 7, ಟೋಕಿಯೊ ಒಲಿಂಪಿಕ್ಸ್‌ನ ಕೊನೇ ಸುತ್ತು. ಅದುವರೆಗೆ ಬೋಗಿ ಅಂದರೆ ರೈಲಿನದು ಅಂದುಕೊಂಡಿದ್ದವರೂ ಅವತ್ತು ಟಿವಿ ಮುಂದೆ ಕೂತಿದ್ದರು. ಬೆಂಗಳೂರಿನ ಹುಡುಗಿ, ದೂರ ಹೊಡೆಯೋದರಲ್ಲಿ ಎದುರಾಳಿಗಳಿಗಿಂತ ಹಿಂದೆ; ಗ್ರೀನ್ ಹತ್ತಿರ ಬಂದಮೇಲೆ ನೋಡಬೇಕು ಆ ಕೈ! ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ. ಯಜಮಾನರ ಕಣ್ಣಲ್ಲಿ ನೀರು. ಮರುವಾರವೇ ಹೋಗಿ, ಇನ್ನೂ ದೂರ ಹೊಡೆಯೋ ಹೊಸ ಡ್ರೈವರ್ ತಂದರು.

ಪ್ರಶ್ನೆ: ಮುಂದೇನು?

ಏಳು: ನನ್ನನ್ನ ಮಾರೋಕೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. 'ಹೆಚ್ಚು ಬಳಸಿಲ್ಲ' ಅಂತ ಬರೆದಿದ್ದಾರೆ. ಸುಳ್ಳಲ್ಲ.

ಪ್ರಶ್ನೆ: ಯಾರಾದರೂ ಕೇಳಿದರಾ?

ಏಳು: ಮೂರನೇ ಮಹಡಿಯ ಅಂಕಲ್. ಬೆಳಗಿನ ವಾಕಿಂಗ್‌ನಲ್ಲಿ ನಾಯಿ ಕಾಟ, ಕೈಲೊಂದು ಕೋಲು ಬೇಕಂತೆ. ಲಾಬ್ ವೆಡ್ಜನ್ನೂ ಹಿಡಿದು ನೋಡಿದರು, ಗಿಡ್ಡ ಆಯ್ತು ಅಂತ ವಾಪಸ್ಸು ಇಟ್ಟರು.