ಕಾಲರಿನ ಕೊಳೆ

ಏನಕ್ಕಾ, ಬೆಳಗ್ಗೆ ಬೆಳಗ್ಗೇನೇ ಬ್ರಶ್ಶು ಹಿಡಿದು ಕೂತಿದ್ದೀರಿ? ಭಾವನವರ ಷರ್ಟಾ? ಇಡೀ ಷರ್ಟು ಮಲ್ಲಿಗೆ ಹೂವಿನ ಹಾಗಿದೆ, ಕಾಲರ್ ಮಾತ್ರ ಕರ್ರಗೆ. ನಮ್ಮನೆಯವರದೂ ಇದೇ ಹಣೆಬರಹ. ಬಸ್ ಕಂಡಕ್ಟರುಗಳು ಕರ್ಚೀಫು ಮಡಿಸಿ ಕಾಲರಿಗೆ ಸಿಗಿಸಿಕೊಳ್ತಿದ್ರಲ್ಲ, ಅವರ ಮನೆ ಹೆಂಗಸರು ಪುಣ್ಯವಂತರು ಬಿಡಿ.

ಈ ಕೊಳೆ ತಿಕ್ಕಿ ತಿಕ್ಕಿ ಸಾಕಾಗಿ ಒಬ್ಬ ಮಹಾತಾಯಿ ಏನು ಮಾಡಿದಳು ಗೊತ್ತಾ? ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಟ್ರಾಯ್ ಅಂತ ಊರಿದೆ. ಅಲ್ಲಿನ ಹ್ಯಾನಾ ಲಾರ್ಡ್ ಮಾಂಟೆಗ್ಯೂ ಅನ್ನೋ ಗೃಹಿಣಿ 1827ರಲ್ಲಿ ಗಂಡನ ಷರ್ಟಿನ ಕಾಲರನ್ನ ಕಚಕ್ ಅಂತ ಕತ್ತರಿಸಿ, ಅದನ್ನಷ್ಟೇ ಒಗೆದು, ಮತ್ತೆ ಹೊಲಿದು ಕೊಟ್ಟಳಂತೆ. ನಮ್ಮನೆಯವರಾಗಿದ್ರೆ ಕತ್ತರಿ ಕಂಡ ತಕ್ಷಣ ಬೀದಿಗೆ ಕೇಳೋ ಹಾಗೆ ಕೂಗ್ತಿದ್ರು! ಆಮೇಲೆ ಊರಲ್ಲಿ ಇಂಥ ಬಿಡಿ ಕಾಲರುಗಳದೇ ವ್ಯಾಪಾರ ಆಯ್ತು. ಬೇಕಾದಾಗ ಗುಂಡಿ ಹಾಕಿ ಸಿಗಿಸೋದು, ಸಂಜೆ ಬಿಚ್ಚಿಡೋದು. ಷರ್ಟು ನಾಲ್ಕು ದಿನದ್ದಾದರೂ ಕಾಲರ್ ಇವತ್ತಿನದು. ಆಫೀಸಿನ ಗುಮಾಸ್ತನಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ. ಟ್ರಾಯ್‌ಗೆ ಕಾಲರ್ ಸಿಟಿ ಅಂತಲೇ ಹೆಸರು ಬಿತ್ತು.

ಆದರೆ ಕೊಳೆ ಎಲ್ಲಿ ಹೋಯ್ತು? ಹ್ಯಾನಾಳ ಕೈಯಿಂದ ಲಾಂಡ್ರಿ ಹುಡುಗಿಯರ ಕೈಗೆ ಹೋಯ್ತು ಅಷ್ಟೆ. ಹೊಸ ಕಾಲರನ್ನೂ ಒಗೆದು, ಗಂಜಿ ಹಾಕಿ, ಹಲಗೆ ಥರ ಇಸ್ತ್ರಿ ಮಾಡಿಯೇ ಮಾರಬೇಕಿತ್ತು. ಐರ್ಲೆಂಡಿನಿಂದ ಬಂದ ಬಡವರ ಮನೆ ಹೆಣ್ಣುಮಕ್ಕಳೇ ಜಾಸ್ತಿ. ದಿನಕ್ಕೆ 12-14 ಗಂಟೆ, ಕುದಿಯೋ ನೀರು, ಚರ್ಮ ತಿನ್ನೋ ಬ್ಲೀಚು, ಕೆಂಡದಂಥ ಇಸ್ತ್ರಿ. ಅವರಲ್ಲೊಬ್ಬಳು ಕೇಟ್ ಮುಲ್ಲಾನಿ. 1864ರಲ್ಲಿ, ಇನ್ನೂ ಇಪ್ಪತ್ತೂ ತುಂಬದ ಹುಡುಗಿ, 300ರಷ್ಟು ಜನರನ್ನ ಸೇರಿಸಿ ಸಂಘ ಕಟ್ಟಿ ಮುಷ್ಕರ ಹೂಡಿದಳು. ವಾರ ಕಳೆಯೋದರೊಳಗೆ ಸಾಹುಕಾರರು ಸೋತು, ಕೂಲಿ ನೂರಕ್ಕೆ 25ರಷ್ಟು ಏರಿಸಿದರು! ಐದು ವರ್ಷ ಬಿಟ್ಟು ಇನ್ನೊಂದು ಮುಷ್ಕರ ಆಯ್ತು, ಅದು ಗೆಲ್ಲಲಿಲ್ಲ. ಅಷ್ಟರಲ್ಲಿ ಕಾಗದದ ಕಾಲರ್ ಬಂದಿತ್ತಕ್ಕ. ಹಾಕಿ ಬಿಸಾಕೋದು, ಒಗೆಯೋ ಮಾತೇ ಇಲ್ಲ. ಸಂಘವೂ ಮುಚ್ಚಿಹೋಯ್ತು.

ಈಗ ನಮ್ಮ ಕಡೆ ಹುಡುಗನಿಗೆ ಹೆಣ್ಣು ಕೊಡೋವಾಗ ವೈಟ್ ಕಾಲರ್ ಕೆಲಸಾನಾ ಅಂತ ಕೇಳ್ತಾರಲ್ಲ, ಅದನ್ನ ಬಿಳಿ ಮಾಡೋರು ಯಾರು ಅಂತ ಒಬ್ಬರಾದರೂ ಕೇಳಿದ್ದುಂಟಾ? ನೀವು ನಗ್ತೀರಿ. ಅಜರುದ್ದೀನ್ ಕಾಲರ್ ಮೇಲೆತ್ತಿಕೊಂಡು ಬ್ಯಾಟ್ ಮಾಡ್ತಿದ್ದಾಗ ನಮ್ಮಣ್ಣನೂ ಹಾಗೇ ಎತ್ತಿಕೊಂಡು ಕಾಲೇಜಿಗೆ ಹೋಗ್ತಿದ್ದ. ಒಳಗಿನ ಕೊಳೆ ಊರಿಗೆಲ್ಲ ಪ್ರದರ್ಶನ! ಬೈಸಿಕೊಂಡವಳು ಮಾತ್ರ ಒಗೆದ ನಮ್ಮಮ್ಮ. ಜಗಳದಲ್ಲಿ ಕೊರಳಪಟ್ಟಿ ಹಿಡಿಯೋ ಗಂಡಸರಿಗೂ ಅಷ್ಟೆ, ಹರಿದದ್ದನ್ನ ಹೊಲಿಯೋರು ಬೇರೆ. ಮೊದಲಾದರೆ ಕಾಲರ್ ಸವೆದರೆ ದರ್ಜಿ ಹತ್ರ ಕೊಟ್ಟು ಮಗುಚಿ ಹೊಲಿಸ್ತಿದ್ವಿ, ಇನ್ನೆರಡು ವರ್ಷ ಬರ್ತಿತ್ತು. ಈಗ ಕೇಳಿದರೆ ನಮ್ಮನ್ನೇ ಮೇಲೆ ಕೆಳಗೆ ನೋಡ್ತಾರೆ.

ಈಗ ಕಾಲರ್ ಆನೆಗೂ ಬಂತಲ್ಲ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರಲ್ಲೇ ಹುಲಿಗೆ ರೇಡಿಯೋ ಕಾಲರ್ ಹಾಕಿದ್ದರು. ಸಕಲೇಶಪುರದ ಕಡೆ ಅರಣ್ಯ ಇಲಾಖೆಯವರು ಆನೆಗಳಿಗೆ ಹಾಕಿ, ಹಿಂಡು ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜು ಕಳಿಸ್ತಾರೆ. ನನ್ನ ತಂಗಿ ಮನೆ ಕಾಫಿ ತೋಟ ಅಲ್ಲೇ ಅಲ್ವಾ? ಮೆಸೇಜು ಬಂದರೆ ಆಳುಗಳನ್ನ ತೋಟಕ್ಕೆ ಇಳಿಸೋದೇ ಇಲ್ಲ, ಜೀವ ಉಳಿಯುತ್ತೆ ಅಂತ ಮೊನ್ನೆ ಫೋನಲ್ಲಿ ಹೊಗಳ್ತಿದ್ದಳು. ಒಳ್ಳೇದಾಯ್ತು ಕಣೇ, ಆ ದಿನದ ಕೂಲಿ ಕೊಡ್ತೀರಾ ಅಂದೆ. ನೆಟ್‌ವರ್ಕ್ ಸರಿಯಿಲ್ಲ ಅಂತ ಇಟ್ಟುಬಿಟ್ಟಳು.